ಮೂರು ಕೊಳಗ, ಅರವತ್ತನಾಲ್ಕು ಹೆಸರು

ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಹಾಸ್ಯ ಅಂಕಣಕಾರ ಜೀನ್ ವೈನ್‌ಗಾರ್ಟನ್ ಅವರು 2021ರ ಆಗಸ್ಟ್ ತಿಂಗಳಲ್ಲಿ ತಮಗೆ ಸೇರದ ತಿನಿಸುಗಳ ಬಗ್ಗೆ ಬರೆಯುತ್ತ, ಆ ಪಂಕ್ತಿಯಲ್ಲಿ ಭಾರತೀಯ ಅಡುಗೆಗೂ ಒಂದು ಎಲೆ ಹಾಕಿ, ಈ ಅಡುಗೆಯೆಲ್ಲ ಒಂದೇ ಒಂದು ಮಸಾಲೆಯ ಮೇಲೆ ನಿಂತಿದೆ ಎಂದು ಷರಾ ಬರೆದರು. ಭರತಖಂಡದ ಮೂಗಿಗೆ ಒಣಮೆಣಸಿನಕಾಯಿ ಸೀದ ಘಾಟು ಹೊಡೆಯಿತು. ಎರಡು ಬಾರಿ ಪುಲಿಟ್ಜರ್ ಪ್ರಶಸ್ತಿ ಪಡೆದ ಆ ಲೇಖಕರು ಮೊದಲು ಸೋಲೊಪ್ಪದೆ, ವಾಷಿಂಗ್ಟನ್ನಿನ ಹೆಸರಾಂತ ಭಾರತೀಯ ರೆಸ್ಟೋರೆಂಟೊಂದಕ್ಕೆ ಹೋಗಿ ಉಂಡು ಬಂದು, ಆಡಿದ ಮಾತಿನಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ಪಡೆಯುವುದಿಲ್ಲ ಎಂದರು. ಬಯ್ಗುಳದ ಒಗ್ಗರಣೆ ಇನ್ನಷ್ಟು ಸಿಡಿದ ಮೇಲೆ ಕ್ಷಮೆ ಕೇಳಿದರು. ಪತ್ರಿಕೆಯೂ ತಿದ್ದುಪಡಿ ಪ್ರಕಟಿಸಿ, ಭಾರತದಲ್ಲಿ ಒಂದಕ್ಕಿಂತ ಹೆಚ್ಚು ಮಸಾಲೆಗಳಿವೆಯೆಂದು ಜಗತ್ತಿಗೆ ಅಧಿಕೃತವಾಗಿ ತಿಳಿಸಿತು. ಈ ಸಂಗತಿ 1498ರಲ್ಲಿ ಕಲ್ಲಿಕೋಟೆಗೆ ಹಡಗು ತಂದ ವಾಸ್ಕೋ ಡ ಗಾಮನಿಗೆ ಗೊತ್ತಿತ್ತು. ವಾಷಿಂಗ್ಟನ್ನಿಗೆ ತಲುಪಲು ಐನೂರು ವರ್ಷ ಹಿಡಿಯಿತು.

ಆ ಧರ್ಮಯುದ್ಧದಲ್ಲಿ ನಾನೂ ಒಬ್ಬ ಕಾಲಾಳು. ಜೀರಿಗೆ, ಮೆಂತ್ಯ, ದನಿಯಾ, ಲವಂಗ, ಕಲ್ಲುಹೂವು, ಮರಾಠಿ ಮೊಗ್ಗು, ಜಾಪತ್ರೆ ಎಂದು ಹದಿನೇಳು ಹೆಸರುಗಳನ್ನು ಮೊಬೈಲಿನಲ್ಲಿ ಒಂದೇ ಉಸಿರಿಗೆ ಬರೆದು, ಇವುಗಳಲ್ಲಿ ಆ ಒಂದು ಮಸಾಲೆ ಯಾವುದೆಂದು ಅಮೆರಿಕವನ್ನು ಕೇಳಿದೆ. ಇದೇ ಪ್ರಶ್ನೆಯನ್ನು ತಿರುಗಿಸಿ, ನಿನ್ನ ಮನೆಯ ಸಂಬಾರದ ಡಬ್ಬಿಯಲ್ಲಿ ಮರಾಠಿ ಮೊಗ್ಗು ಯಾವುದು ತೋರಿಸಯ್ಯಾ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ ನನ್ನ ದೇಶಭಕ್ತಿ ಅಲ್ಲಿಗೇ ಮುಗಿಯುತ್ತಿತ್ತು. ಅದೃಷ್ಟಕ್ಕೆ ಯಾರೂ ಕೇಳಲಿಲ್ಲ. ಗೆದ್ದ ಉಮೇದಿನಲ್ಲಿ ಆ ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು, ಭಾರತೀಯ ಅಡುಗೆಯ ವೈವಿಧ್ಯವನ್ನು ಪ್ರತ್ಯಕ್ಷ ಉಂಡೇ ಬಿಡೋಣವೆಂದು ದಾವಣಗೆರೆ ಬೈಪಾಸಿನ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋದೆ.

ನಮ್ಮ ಕಡೆ ಫ್ಯಾಮಿಲಿ ರೆಸ್ಟೋರೆಂಟ್ ಎಂದರೆ ಸಂಸಾರಸ್ಥರಿಗೆ ಮೀಸಲಾದ, ಬೆಳಕು ಕಡಿಮೆಯಿರುವ, ಏಸಿ ಹಾಕಿದ ಕಾರಣಕ್ಕೆ ಪಲ್ಯದ ಬೆಲೆ ನಲವತ್ತು ರೂಪಾಯಿ ಏರಿರುವ ಜಾಗ. ಹೊರಗಿನ ಬೋರ್ಡಿನಲ್ಲಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಂದು ಏಷ್ಯಾ ಖಂಡವನ್ನು ಮೂರು ಭಾಗ ಮಾಡಿ ಬರೆದಿರುತ್ತಾರೆ. ಇವುಗಳಲ್ಲಿ ಸೌತ್ ಇಂಡಿಯನ್ ಎಂಬುದು ಸಂಜೆ ಏಳರ ಮೇಲೆ ಸಿಗುವುದಿಲ್ಲ, ಸಿಕ್ಕರೂ ಅದನ್ನು ಕೇಳುವವರ ಕಡೆಗೆ ಸಪ್ಲೈಯರ್ ಒಂದು ಬಗೆಯ ಕನಿಕರದಿಂದ ನೋಡುತ್ತಾನೆ. ಅಷ್ಟು ದೂರ ಕಾರು ಹತ್ತಿ ಬಂದು ಮನೆಯ ಊಟವನ್ನೇ ಕೇಳುವುದು ಸಂಸಾರಕ್ಕೆ ಶೋಭೆಯಲ್ಲ.

ಮೆನು ಕಾರ್ಡನ್ನು ನನ್ನ ಮಗ ಓದಿದ. ನಾರ್ತ್ ಇಂಡಿಯನ್ ಎಂಬ ತಲೆಬರಹದ ಕೆಳಗೆ ಸಸ್ಯಾಹಾರದ ಬಾಬ್ತಿನಲ್ಲೇ ಅರವತ್ತನಾಲ್ಕು ಪದಾರ್ಥಗಳಿದ್ದವು, ಹಿಂದಿನ ಕಾಲದ ವಿದ್ಯೆಗಳಷ್ಟು. ವೆಜ್ ಕೊಲ್ಹಾಪುರಿ, ವೆಜ್ ಜೈಪುರಿ, ವೆಜ್ ಹೈದರಾಬಾದಿ, ವೆಜ್ ಕಾಶ್ಮೀರಿ ಎಂದು ರೈಲ್ವೆ ವೇಳಾಪಟ್ಟಿಯಂತೆ ಸಾಗಿದ ಆ ಪಟ್ಟಿಯ ನಡುವೆ ಕನ್ನಡದಲ್ಲಿ ಅಚ್ಚಾಗಿದ್ದ ಒಂದು ಹೆಸರು ಪನ್ನೀರ್ ಭಟ್ಟರ್ ಮಸಾಲ ಎಂಬುದಾಗಿತ್ತು. ಪನ್ನೀರೂ ಭಟ್ಟರೂ ಒಂದೇ ಕಡೆ ಸೇರಿದ ಮೇಲೆ ಅದು ಪಲ್ಯವಲ್ಲ, ಮದುವೆ ಮಂಟಪ. ಆದರೂ ನನ್ನ ಹೆಂಡತಿ ಅದನ್ನೇ ಹೇಳಿದಳು. ಮಗ ಜೈಪುರಿ ಎಂದ. ನಾನು ಕೊಲ್ಹಾಪುರಿ ಎಂದೆ. ಅಮ್ಮ ಮಾತ್ರ ಬಿಸಿನೀರು ಕೇಳಿ ಸುಮ್ಮನೆ ಕೂತಳು.

ಕೈ ತೊಳೆಯುವ ಬೇಸಿನ್ನು ಅಡುಗೆಮನೆಯ ಬಾಗಿಲಿಗೆ ಆತುಕೊಂಡಿತ್ತು. ಬಾಗಿಲು ಅರ್ಧ ತೆರೆದಿತ್ತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡ ಅಡುಗೆಯವನ ಎಡಕ್ಕೆ ಮೂರು ದೊಡ್ಡ ಸ್ಟೀಲ್ ಕೊಳಗಗಳಿದ್ದವು. ಒಂದರಲ್ಲಿ ಟೊಮೆಟೊ, ಗೋಡಂಬಿ, ಬೆಣ್ಣೆ ಬೆಂದ ಕೆಂಪು. ಇನ್ನೊಂದರಲ್ಲಿ ಬೇಯಿಸಿದ ಈರುಳ್ಳಿ, ಗೋಡಂಬಿ, ಕಲ್ಲಂಗಡಿ ಬೀಜ ಅರೆದ ಬಿಳಿ. ಮೂರನೆಯದರಲ್ಲಿ ಅರಿಸಿನ ಹಾಕಿ ಹುರಿದ ಈರುಳ್ಳಿಯ ಹಳದಿ. ಬಲಕ್ಕೆ ಒಂದು ಡಬರಿಯಲ್ಲಿ ಕ್ಯಾರೆಟ್, ಬೀನ್ಸ್, ಹೂಕೋಸು, ಬಟಾಣಿ ಒಟ್ಟಿಗೆ ಬೆಂದು ತಣ್ಣಗೆ ಕೂತಿದ್ದವು. ಹೊರಗಿನಿಂದ ಸಪ್ಲೈಯರ್ ಕೊಲ್ಹಾಪುರಿ ಎಂದು ಕೂಗಿದ. ಅಡುಗೆಯವನು ಬಾಣಲೆಗೆ ಒಂದು ಹಿಡಿ ತರಕಾರಿ ಎಸೆದು, ಕೆಂಪಿನಿಂದ ಒಂದು ಸೌಟು, ಹಳದಿಯಿಂದ ಅರ್ಧ ಸೌಟು ಎತ್ತಿ ಸುರಿದು, ಖಾರದ ಪುಡಿ ಉದುರಿಸಿ, ಬೆಂಕಿ ಆಳೆತ್ತರ ಏಳುವಂತೆ ಒಮ್ಮೆ ಕುಲುಕಿದ. ಜೈಪುರಿ ಎಂದು ಕೂಗು ಬಂತು. ಅದೇ ತರಕಾರಿ, ಹಳದಿ ಒಂದು ಸೌಟು, ಕೆಂಪು ಅರ್ಧ, ಮೇಲೆ ಪುಡಿ ಮಾಡಿದ ಹಪ್ಪಳ. ರಾಜಪುತಾನದ ಶೌರ್ಯವೆಲ್ಲ ಆ ಹಪ್ಪಳದಲ್ಲಿತ್ತು. ಭಟ್ಟರ್ ಮಸಾಲೆಗೆ ಕೆಂಪು ಮತ್ತು ಬಿಳಿ ಬೆರೆತವು. ಅಂಗೈಯಲ್ಲಿ ತಿಕ್ಕಿದ ಕಸೂರಿ ಮೇಥಿ ಒಂದು ಚಿಟಿಕೆ ಬಿತ್ತು. ಕೆನೆಯ ಒಂದು ಗೆರೆ ಎಳೆದದ್ದೇ ಅದು ಇನ್ನೂರ ನಲವತ್ತು ರೂಪಾಯಿಯ ಪದಾರ್ಥವಾಯಿತು.

ನಾನು ಕೈ ತೊಳೆಯುವುದನ್ನು ಮರೆತು ಲೆಕ್ಕ ಹಾಕಿದೆ. ಇಡೀ ಮೆನುವಿಗೆ ಇದ್ದವು ಮೂರು ಕೊಳಗಗಳು. ವೈನ್‌ಗಾರ್ಟನ್ ಅವರು ಹೇಳಿದ್ದು ಒಂದು. ಎರಡೇ ಎರಡರ ವ್ಯತ್ಯಾಸಕ್ಕೆ ನಾವು ಆ ಮನುಷ್ಯನಿಂದ ಕ್ಷಮೆ ಕೇಳಿಸಿದ್ದೆವು.

ಕೊಲ್ಹಾಪುರದ ವಿಷಯವನ್ನೇ ತೆಗೆದುಕೊಳ್ಳೋಣ. ಆ ಊರಿನ ಹೆಸರು ಅಡುಗೆಯಲ್ಲಿ ನಿಂತಿರುವುದು ತಾಂಬಡಾ ರಸ್ಸಾ ಮತ್ತು ಪಾಂಢರಾ ರಸ್ಸಾ ಎಂಬ ಮಟನ್ ಸಾರುಗಳ ಮೇಲೆ. ಅಲ್ಲಿಂದ ಮಟನ್ನನ್ನು ತೆಗೆದು, ರಸ್ಸಾವನ್ನೂ ತೆಗೆದು, ಉಳಿದ ಬರಿಯ ಹೆಸರಿಗೆ ಬೀನ್ಸ್ ಹಾಕಿ ಕುದಿಸಿದರೆ ವೆಜ್ ಕೊಲ್ಹಾಪುರಿ ಆಗುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಅದರಲ್ಲಿ ಪಾಲು ಬಂತು, ಏಕೆಂದರೆ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಅದನ್ನು ನಿಜಕ್ಕೂ ಹೊಲಿಯುತ್ತಾರೆ. ಕಾಲಿಗೆ ಹಾಕುವ ಕೊಲ್ಹಾಪುರಿಗೆ ಊರು ಕೇರಿ ಕೇಳುವ ಕಾನೂನಿದೆ. ಬಾಯಿಗೆ ಹಾಕುವುದಕ್ಕೆ ಇಲ್ಲ.

ಇಂಗ್ಲೆಂಡಿನಲ್ಲಿ ಇದೇ ವಿದ್ಯೆ ಇನ್ನೂ ಪಳಗಿದೆ. ಅಲ್ಲಿನ ಇಂಡಿಯನ್ ರೆಸ್ಟೋರೆಂಟುಗಳಲ್ಲಿ ಬಹುಪಾಲನ್ನು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು, ಕುದಿಯುವುದು ಈರುಳ್ಳಿಯ ಒಂದೇ ಮೂಲ ಗ್ರೇವಿ, ಮತ್ತು ಪದಾರ್ಥದ ಹೆಸರು ಎಂದರೆ ಖಾರದ ಅಳತೆ. ಕೋರ್ಮಾ ಎಂದರೆ ಮಕ್ಕಳಿಗೆ, ಮದ್ರಾಸ್ ಎಂದರೆ ಗಂಡಸರಿಗೆ, ವಿಂಡಾಲೂ ಎಂದರೆ ಕುಡಿದವರಿಗೆ. ಮದ್ರಾಸು ಚೆನ್ನೈ ಆಗಿ ದಶಕಗಳಾದರೂ ಆ ಮೆನುವಿನಲ್ಲಿ ಅದಿನ್ನೂ ಮದ್ರಾಸೇ, ಮತ್ತು ಆ ಪದಾರ್ಥವನ್ನು ಮೈಲಾಪುರದ ಅಜ್ಜಿಯರ ಮುಂದೆ ಇಟ್ಟರೆ ಅವರು ಅದನ್ನು ಮುಟ್ಟದೆ ದೃಷ್ಟಿ ತೆಗೆದಾರು. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆಯೊಂದನ್ನು ತೆರೆದು, ಬಹುಶಃ ಕೊಳಗಗಳ ಈ ಗುಟ್ಟು ತಿಳಿಯದೆ, 1812ರಲ್ಲಿ ದಿವಾಳಿಯಾದ. ಆಮೇಲೆ ಬ್ರೈಟನ್ನಿನಲ್ಲಿ ಹಬೆಸ್ನಾನದ ಮನೆ ಹಾಕಿ, ಮೈ ತಿಕ್ಕುವ ವೃತ್ತಿ ಹಿಡಿದು, ಇಬ್ಬರು ದೊರೆಗಳ ನೇಮಕ ಪಡೆದ. ಹೊಟ್ಟೆ ತುಂಬಿಸಲು ಹೋಗಿ ಸೋತವನನ್ನು ಬೆನ್ನು ತಿಕ್ಕಿದ್ದು ಕಾಪಾಡಿತು. ಅಲ್ಲಿಂದ ಇನ್ನೂರು ವರ್ಷ ಕಳೆಯುವುದರೊಳಗೆ, 2001ರಲ್ಲಿ, ಆ ದೇಶದ ವಿದೇಶಾಂಗ ಸಚಿವ ರಾಬಿನ್ ಕುಕ್ ಅವರು ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯವೆಂದು ಭಾಷಣದಲ್ಲಿ ಘೋಷಿಸಿದರು. ಕೊಹಿನೂರನ್ನು ಕೊಂಡೊಯ್ದಾಗ ಆದಷ್ಟು ಬೇಸರ ನನಗೆ ಇದರಿಂದ ಆಗಿಲ್ಲ.

ಇದೆಲ್ಲಕ್ಕೂ ಕರಿ ಎಂಬ ಹೆಸರು ಅಂಟಿಕೊಂಡ ಬಗೆಯಲ್ಲಿ ನಮ್ಮದೂ ಕೈವಾಡ ಇರುವಂತಿದೆ. ಕನ್ನಡದಲ್ಲಿ ಕರಿ ಎಂದರೆ ಕಪ್ಪು, ಕರಿ ಎಂದರೆ ಆನೆ, ಕರಿ ಎಂದರೆ ಎಣ್ಣೆಯಲ್ಲಿ ಬೇಯಿಸು. ಕೊಡವರ ಪಂದಿ ಕರಿಯೊಂದನ್ನು ಗೌರವದಿಂದ ಬದಿಗಿಟ್ಟರೆ, ನಮ್ಮ ನಾಡಿನಲ್ಲಿ ಯಾವ ತಾಯಿಯೂ ಮಗುವನ್ನು ಕರಿ ಉಣ್ಣಲು ಕರೆದದ್ದಿಲ್ಲ. ಆದರೂ 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶ, ಮೂಲ ಪದವನ್ನು ತಮಿಳರಿಗೆ ಕೊಟ್ಟು, ಪೋರ್ಚುಗೀಸರು ಎತ್ತಿಕೊಂಡ ಕರಿಲ್ ಎಂಬ ರೂಪ ಮಾತ್ರ ಕನ್ನಡದ್ದೆಂದು ಬರೆದಿಟ್ಟಿದೆ. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಪಡೆಯುವಾಗ ನಮ್ಮವರು ಈ ಸಾಧನೆಯನ್ನು ಮುಂದಿಟ್ಟಿದ್ದರೆ ಒಂದೆರಡು ವರ್ಷ ಮೊದಲೇ ಸಿಗುತ್ತಿತ್ತೋ, ಅಥವಾ ಸಿಗುತ್ತಲೇ ಇರಲಿಲ್ಲವೋ.

ಇನ್ನು ಆ ಕೆಂಪು ಕೊಳಗ. ಅದರ ವಂಶಾವಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ದೇಶ ಇಬ್ಭಾಗವಾದಾಗ ಪೇಶಾವರದಿಂದ ದಿಲ್ಲಿಗೆ ಬಂದ ಇಬ್ಬರು ಕುಂದನ್ ಲಾಲರು, ಒಬ್ಬರು ಗುಜ್ರಾಲ್, ಇನ್ನೊಬ್ಬರು ಜಗ್ಗಿ, ಮೋತಿ ಮಹಲ್ ಎಂಬ ಹೋಟೆಲಿನಲ್ಲಿ ಪಾಲುದಾರರಾಗಿದ್ದರು. ಬೆಣ್ಣೆ, ಕೆನೆ, ಟೊಮೆಟೊ ಸೇರಿಸಿ ಬಟರ್ ಚಿಕನ್ ಮಾಡಿದ್ದು ನಮ್ಮ ತಾತ ಎಂದು ಎರಡೂ ಕಡೆಯವರು ಹೇಳುತ್ತಿದ್ದು, ಮೋತಿ ಮಹಲಿನ ಈಗಿನ ವಾರಸುದಾರರಾದ ಗುಜ್ರಾಲ್ ಕಡೆಯವರು, ಜಗ್ಗಿ ಕಡೆಯವರ ದರ್ಯಾಗಂಜ್ ಎಂಬ ಹೋಟೆಲಿನ ಮೇಲೆ ದಿಲ್ಲಿ ಹೈಕೋರ್ಟಿನಲ್ಲಿ ಹೂಡಿದ ದಾವೆ 2024ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಕೇಳಿರುವ ಪರಿಹಾರ ಸುಮಾರು ಎರಡು ಕೋಟಿ ರೂಪಾಯಿ. ದಾವೆಯ ಕಾಗದಪತ್ರಗಳು 2,752 ಪುಟ. ಒಂದು ಪುಟದ ಮೇಲೆ ಒಂದು ತುಂಡು ಕೋಳಿ ಇಟ್ಟರೂ ಸಣ್ಣ ಊರಿನ ಜಾತ್ರೆಗೆ ಸಾಕಾಗುತ್ತದೆ. ತೀರ್ಪು ಯಾರ ಕಡೆಗೆ ಬಂದರೂ, ಆ ಕೋಳಿಯನ್ನು ಎತ್ತಿಟ್ಟು ಅದೇ ಗ್ರೇವಿಗೆ ಪನೀರ್ ಹಾಕಿ ಭಟ್ಟರ ಹೆಸರಿನಲ್ಲಿ ಬಡಿಸುತ್ತಿರುವ ದಾವಣಗೆರೆಯ ಅಡುಗೆಯವನಿಗೆ ಸಮನ್ಸ್ ಬಾರದಿರಲಿ ಎಂದು ನನ್ನ ಪ್ರಾರ್ಥನೆ.

ನಾನು ಮೇಜಿಗೆ ವಾಪಸು ಬರುವಷ್ಟರಲ್ಲಿ ಮೂರು ಬಟ್ಟಲುಗಳೂ ಬಂದಿದ್ದವು. ಮಗ ಜೈಪುರಿಯೇ ಶ್ರೇಷ್ಠ ಎಂದ. ಹೆಂಡತಿ ಕೊಲ್ಹಾಪುರಿಯಲ್ಲಿ ಘಾಟು ಜಾಸ್ತಿ, ತನಗೆ ಸೇರದು ಎಂದಳು. ಇಬ್ಬರಿಗೂ ಸಣ್ಣ ವಾಗ್ವಾದವಾಯಿತು. ಕಂಡದ್ದನ್ನು ನಾನು ಹೇಳಲಿಲ್ಲ. ಅಮ್ಮ ಮೂರರಿಂದಲೂ ಒಂದೊಂದು ಹನಿ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ, "ಒಂದೇ ಸಾರಿಗೆ ಮೂರು ಬಟ್ಟಲು ಯಾಕೆ ತೊಳೀಬೇಕು?" ಎಂದಳು. ಹದಿನೇಳು ಮಸಾಲೆಗಳ ಹೆಸರು ಗೊತ್ತಿದ್ದ ನನಗೆ ಹೊಳೆಯದಿದ್ದದ್ದು, ಬೆರಳ ತುದಿಯ ಒಂದು ಹನಿಗೆ ಹೊಳೆದಿತ್ತು. ಎದ್ದುಹೋಗಿ ಬೇಸಿನ್ ಬದಿಯಲ್ಲಿ ಬಾಗಿಲಿಗೆ ಇಣುಕುವ ಅಗತ್ಯ ಅವಳಿಗೆ ಬೀಳಲಿಲ್ಲ.

ಹತ್ತೂವರೆಯ ಹೊತ್ತಿಗೆ ಗಿರಾಕಿಗಳು ತೆಳುವಾದರು. ಮೂಲೆಯ ಮೇಜಿನಲ್ಲಿ ಅಡುಗೆಯವನೂ ಸಪ್ಲೈಯರ್ ಹುಡುಗರೂ ಊಟಕ್ಕೆ ಕೂತರು. ಒಡಿಶಾದ ಹುಡುಗರು. ಅವರ ತಟ್ಟೆಯಲ್ಲಿ ಕೆಂಪೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ಬಿಸಿ ಅನ್ನ, ತೆಳ್ಳಗಿನ ಬೇಳೆ, ಹಸಿ ಈರುಳ್ಳಿ ಹೆಚ್ಚಿ ಹಾಕಿ ಸಾಸಿವೆ ಎಣ್ಣೆಯಲ್ಲಿ ಹಿಸುಕಿದ ಆಲೂಗಡ್ಡೆ, ಪಕ್ಕದಲ್ಲಿ ಒಂದೊಂದು ಹಸಿಮೆಣಸಿನಕಾಯಿ. ವಾಸನೆ ನಮ್ಮ ಮೇಜಿನವರೆಗೂ ಬಂತು. ಅಮ್ಮ ಅತ್ತ ನೋಡಿ, "ತಮ್ಮಾ, ನೀವು ಉಣ್ಣೋದನ್ನೇ ನನಗೂ ಸ್ವಲ್ಪ ಹಾಕು," ಎಂದಳು. ಹುಡುಗ ನಕ್ಕು, ಅದು ಮೆನುವಿನಲ್ಲಿ ಇಲ್ಲ ಅಜ್ಜಿ ಎಂದನಾದರೂ, ಒಂದು ತಟ್ಟೆ ತಂದಿಟ್ಟ. ಅಮ್ಮ ಆ ರಾತ್ರಿ ಉಂಡದ್ದು ಅಷ್ಟೇ.

ಬಿಲ್ಲು ಕೊಡುವಾಗ ನಾನು ಗಲ್ಲಾದಲ್ಲಿ ಕೂತಿದ್ದ ಮಾಲೀಕರಿಗೆ, ಆ ಆಲೂಗಡ್ಡೆಯನ್ನೂ ಮೆನುವಿಗೆ ಸೇರಿಸಬಾರದೇಕೆ ಎಂದು ತಮಾಷೆಗೆ ಕೇಳಿದೆ. ಅವರು ತಮಾಷೆಯೆಂದು ತಿಳಿಯದೆ, ಪೆನ್ನನ್ನು ಗಲ್ಲಕ್ಕೆ ಊರಿ ಸ್ವಲ್ಪ ಹೊತ್ತು ಯೋಚಿಸಿದರು.

"ಮಾಡಬಹುದು ಸಾರ್. ವೆಜ್ ಜಗನ್ನಾಥಪುರಿ ಅಂತ ಹೆಸರು ಹಾಕಿದರೆ ಓಡುತ್ತೆ," ಎಂದರು. "ಗ್ರೇವಿ ಮಾತ್ರ ಕೆಂಪು ಹಾಕೋದಾ, ಬಿಳಿ ಹಾಕೋದಾ, ನೋಡಬೇಕು."