ಸೆಟ್ ಆಗ್ತದೆ ಮಾರಾಯ್ರೆ

ಹೊಸ ವಾಷಿಂಗ್ ಮೆಷಿನ್ ಸರಿಯಾಗಿ ಓಡುತ್ತಿಲ್ಲ ಎಂದು ಉಡುಪಿಯಲ್ಲಿ ಯಾರಿಗೆ ಹೇಳಿದರೂ ಬರುವ ಉತ್ತರ ಒಂದೇ. "ಹೊಸತಲ್ವಾ, ಸೆಟ್ ಆಗ್ತದೆ ಮಾರಾಯ್ರೆ." ಅಂಗಡಿಯವರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಕೊನೆಗೆ ನಮ್ಮ ಅಮ್ಮನೂ ಅದನ್ನೇ ಹೇಳಿದರು. ಹೊಸ ಚಪ್ಪಲಿ ಸೆಟ್ ಆಗುತ್ತದೆ, ಒಪ್ಪಿದೆ. ಮೆಷಿನ್ ಆಗುವುದಿಲ್ಲ. ಮೊದಲ ವಾರದಲ್ಲೇ ಅರ್ಧಕ್ಕೆ ನಿಂತ ಮೆಷಿನ್ ಮೂರನೇ ತಿಂಗಳಿಗೆ ತಾನಾಗಿ ಸರಿಹೋದದ್ದನ್ನು ನಾನು ನೋಡಿಲ್ಲ. ಅಷ್ಟರೊಳಗೆ ವಾಪಸ್ ಕೊಡುವ ದಾರಿ ಮಾತ್ರ ಮುಚ್ಚಿರುತ್ತದೆ.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಮ್ಮ ಉಡುಪಿಯ ಅಂಬಲಪಾಡಿಯಲ್ಲಿ. ಮೇ ತಿಂಗಳಲ್ಲಿ ರಜೆಗೆ ಬಂದಾಗ, ಮಳೆ ಹಿಡಿಯುವ ಮೊದಲು ಆಗಿಬಿಡಲಿ ಎಂದು ಪೇಟೆಯ ಅಂಗಡಿಯಿಂದ ಎದುರಿನ ಬಾಗಿಲಿಂದ ಬಟ್ಟೆ ಹಾಕುವ ಒಂದು ಫ್ರಂಟ್ ಲೋಡ್ ಮೆಷಿನ್ ತಂದೆವು. ಯಾವ ಅಂಗಡಿ, ಯಾವ ಕಂಪನಿ ಎನ್ನುವುದು ಬೇಡ. ಬೇರೆ ಕಂಪನಿಯದ್ದಾದರೂ ಕತೆ ಹೆಚ್ಚುಕಡಿಮೆ ಇದೇ ಇರುತ್ತಿತ್ತು.

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಜುಲೈಯಲ್ಲಿ ಒಂದು ಬೈರಾಸು, ಅಂದರೆ ಟವೆಲ್, ಒಣಗಬೇಕಾದರೆ ದಿನಗಟ್ಟಲೆ ಬೇಕು. ಒಣಗಿದ ಮೇಲೂ ಮುಗ್ಗಲು ವಾಸನೆ. ಹಾಗಾಗಿ ಇಲ್ಲಿ ಮೆಷಿನ್ ಬೇಕಾಗುವುದು ಒಗೆಯುವುದಕ್ಕಿಂತ ಜಾಸ್ತಿ ಹಿಂಡುವುದಕ್ಕೆ. ನಿಮಿಷಕ್ಕೆ 1200, 1400 ಸುತ್ತು ತಿರುಗಿ ಹಿಂಡಿದ ಬಟ್ಟೆಯನ್ನು ಫ್ಯಾನಿನಡಿ ಹಾಕಿದರೆ ಬೆಳಿಗ್ಗೆ ತೊಡಬಹುದು. ಹಿಂಡುವ ಹೊತ್ತಿಗೇ ಕೈಕೊಡುವ ಮೆಷಿನ್ ಉಡುಪಿಯಲ್ಲಿ ಇದ್ದೂ ಇಲ್ಲದ ಹಾಗೆ.

ನಮ್ಮದರಲ್ಲಿ ಮೂರು ತೊಂದರೆ ಇತ್ತು. ನೀರು ಸಾಲದು ಎಂದು ಎರರ್ ತೋರಿಸಿ ನಿಲ್ಲುತ್ತಿತ್ತು. ನೊರೆ ತುಂಬಿ ಜಾಲಿಸಿದ್ದನ್ನೇ ಜಾಲಿಸುತ್ತಾ ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು. ಮೂರನೆಯದು, ಹಿಂಡಲು ಜೋರಾಗಿ ತಿರುಗುವಾಗ ಪ್ಯಾನೆಲ್ಲಿನ ದೀಪವೆಲ್ಲ ಆರಿ, ಮತ್ತೆ ಹೊತ್ತಿ, ಪ್ರೋಗ್ರಾಂ ಮೊದಲಿಂದ ಶುರು.

ಅಂಗಡಿಗೆ ಫೋನ್ ಮಾಡಿದರೆ ಕಂಪನಿಯ ಟೋಲ್ ಫ್ರೀ ನಂಬರ್ ಕೊಟ್ಟರು. ಕಂಪನಿಯಿಂದ ಬಂದವರು ಬಟ್ಟೆ ಹಾಕದೆ ಹತ್ತು ನಿಮಿಷ ಓಡಿಸಿದರು. ಓಡಿತು. "ವರ್ಕಿಂಗ್ ಓಕೆ" ಎಂದು ಬರೆದು ಸಹಿ ಕೇಳಿದರು. ಇಲ್ಲೊಂದು ಮಾತು ಹೇಳಲೇಬೇಕು. ಆ ಹಾಳೆಗೆ ಸುಮ್ನೆ ಸಹಿ ಹಾಕಬೇಡಿ. ದೂರು ಏನೆಂದು ಅದರ ಮೇಲೇ ಬರೆಸಿ, ಒಂದು ಫೋಟೋ ತೆಗೆದಿಡಿ. ಮುಂದೆ ನಿಮ್ಮ ಕೈಯಲ್ಲಿ ಸಾಕ್ಷಿ ಎಂದು ಇರುವುದು ಅದೊಂದೇ. ಪ್ಯಾನೆಲ್ ಆರುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟರಂತೂ ಇನ್ನೂ ಒಳ್ಳೆಯದು.

ಆಮೇಲೆ ಅಮ್ಮ ಪರ್ಕಳದ ಹುಡುಗನನ್ನು ಕರೆಸಿದರು. ಯಾವ ಕಂಪನಿಯವನೂ ಅಲ್ಲ. ಮಿಕ್ಸಿ, ಫ್ಯಾನ್, ಪಂಪು, ಎಲ್ಲದಕ್ಕೂ ಅವನೇ. ಅವನು ಮೆಷಿನ್ ಮುಟ್ಟಲೇ ಇಲ್ಲ. ಮೊದಲು ನಳ್ಳಿಯ ಪೈಪ್ ಬಿಚ್ಚಿ ಕೆಳಗೊಂದು ಬಕೆಟ್ ಇಟ್ಟ. ತುಂಬಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿದ. ಆಮೇಲೆ ಹೊರಗೆ ಹೋಗಿ ಟ್ಯಾಂಕ್ ಕಡೆ ಕತ್ತೆತ್ತಿ ನೋಡಿ, "ಅಮ್ಮ, ಇದಕ್ಕೆ ಪ್ರೆಶರ್ ಎಲ್ಲಿಂದ ಬರುವುದು?" ಎಂದ.

ಲೆಕ್ಕ ಸುಲಭ. ಹತ್ತು ಮೀಟರ್ ಎತ್ತರದ ನೀರು ಅಂದರೆ ಒಂದು ಬಾರ್ ಒತ್ತಡ. ಮೇಲೆ ಮಹಡಿಯಿಲ್ಲದ ಮನೆ, ಟೆರೇಸಿನ ಮೇಲೆ ಟ್ಯಾಂಕ್, ಕೆಳಗೆ ಸೊಂಟದೆತ್ತರದಲ್ಲಿ ಮೆಷಿನ್ನಿನ ನಳ್ಳಿ. ನಡುವೆ ಇರುವುದು ಎರಡು ಎರಡೂವರೆ ಮೀಟರ್. ಅಂದರೆ 0.2, 0.25 ಬಾರ್. ಎಷ್ಟೋ ಫ್ರಂಟ್ ಲೋಡ್‌ಗಳ ಪುಸ್ತಕದಲ್ಲಿ ಕನಿಷ್ಠ 0.3 ಅಥವಾ 0.5 ಬಾರ್ ಬೇಕು ಎಂದು ಬರೆದಿರುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕ್ ಅರ್ಧ ಇದ್ದರೆ ಇನ್ನೂ ಕಡಿಮೆ. ಮ್ಯೂನಿಕ್‌ನಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ನಗರದ ಪೈಪಿನಿಂದ ಒತ್ತಡದ ನೀರು ನೇರ ಮನೆಯೊಳಗೆ ಬರುತ್ತದೆ, ಮನೆಗೊಂದು ಟ್ಯಾಂಕ್ ಎಂಬುದೇ ಇಲ್ಲ. ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿದ ಮೇಲೆ ನಮ್ಮ ಮೊದಲ ತೊಂದರೆ ಹೋಯಿತು.

ನೊರೆಯದ್ದೂ ಮನೆಯದೇ ಕತೆ. ನಮ್ಮ ಕೆಂಪುಕಲ್ಲಿನ ನೆಲದ ಬಾವಿ ನೀರು ಮೆದು, ಅಂದರೆ ಸುಣ್ಣದಂಶ ಕಡಿಮೆ. ಮೆದು ನೀರಿಗೆ ಸ್ವಲ್ಪ ಪುಡಿ ಹಾಕಿದರೂ ನೊರೆ ಜಾಸ್ತಿ. ನಾನು ಮ್ಯೂನಿಕ್‌ನ ಗಡಸು ನೀರಿಗೆ ಹಾಕುವ ಅಳತೆಯಲ್ಲಿ ಅರ್ಧ ಹಾಕಿದರೂ ಇಲ್ಲಿ ಸಾಕು. ಅಲ್ಲಿ ಪೊಟ್ಟಣದ ಮೇಲೆಯೇ ಮೆದು, ಮಧ್ಯಮ, ಗಡಸು ನೀರಿಗೆ ಬೇರೆ ಬೇರೆ ಅಳತೆ ಕೊಟ್ಟಿರುತ್ತಾರೆ. ಅಲ್ಲಿ ಮೆಷಿನ್ನಿನ ಶತ್ರು ಹೀಟರಿಗೆ ಅಂಟುವ ಸುಣ್ಣ. ನಮ್ಮಲ್ಲಿ ನೊರೆ, ಕೆಲವು ಬಾವಿಗಳಲ್ಲಿ ಬಿಳಿ ಪಂಚೆಯನ್ನು ಹಳದಿ ಮಾಡುವ ಕಬ್ಬಿಣದಂಶ, ಅದರ ಮೇಲೆ ಇಲಿ. ಇಲಿ ಎಂದರೆ ನಗಬೇಡಿ. ಅಡಿಯಿಂದ ನುಗ್ಗಿ ವಯರ್ ಕಡಿಯುವುದನ್ನು ತಡೆಯಲು ಜಾಲರಿ ಕೊಟ್ಟಿದ್ದಾರೋ ಇಲ್ಲವೋ ಎಂದು ನೋಡಿಯೇ ತಗೊಳ್ಳಬೇಕು. ಗುಡುಗು ಶುರುವಾದರೆ ಟಿವಿಯದ್ದು ಮಾತ್ರ ಅಲ್ಲ, ಮೆಷಿನ್ನಿನ ಪ್ಲಗ್ಗೂ ತೆಗೆಯಬೇಕು.

ಜರ್ಮನಿಯವರು ಮೆಷಿನ್ ಕೊಳ್ಳುವ ಮೊದಲು ಸ್ಟಿಫ್ಟುಂಗ್ ವಾರೆನ್‌ಟೆಸ್ಟ್ ಎಂಬ ಸಂಸ್ಥೆಯ ಪರೀಕ್ಷೆ ನೋಡುತ್ತಾರೆ. ಸರ್ಕಾರವೇ 1964ರಲ್ಲಿ ಶುರು ಮಾಡಿದ್ದು. ವರ್ಷಗಟ್ಟಲೆ ಬಳಸಿದರೆ ಎಷ್ಟು ಒಗೆತ ಆಗುತ್ತದೋ ಅಷ್ಟು ಸಲ ಬಿಡದೆ ಓಡಿಸಿ, ಯಾವುದು ಕೆಟ್ಟಿತು ಎಂದು ಹೇಳುತ್ತಾರೆ. ನನಗೂ ಆ ಚಾಳಿ ಹತ್ತಿದೆ. ಆದರೆ ಅಲ್ಲಿ ಮೊದಲ ಸ್ಥಾನ ಬಂದ ಮೆಷಿನ್ ಅಂಬಲಪಾಡಿಯ ಟ್ಯಾಂಕಿನ ಕೆಳಗೆ ನಿಂತರೆ ಏನು ಮಾಡುತ್ತದೆ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಅದನ್ನು ಪರ್ಕಳದ ಹುಡುಗನ ಬಕೆಟ್ ಹೇಳಿತು.

ಹಾಗಾಗಿ ಮೆಷಿನ್ ನಂಬಿಕಸ್ಥವೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು ತಪ್ಪು ಮನೆಯದೋ ಮೆಷಿನ್ನಿನದೋ ಎಂದು ಬಿಡಿಸಿಕೊಳ್ಳಬೇಕು. ನೀರು ನೋಡಿ, ಪುಡಿ ನೋಡಿ, ನೆಲ ಮಟ್ಟವಾಗಿದೆಯಾ ನೋಡಿ. ಹಿಂದುಗಡೆ ಸಾಗಾಣಿಕೆಗೆಂದು ಹಾಕಿದ ಟ್ರಾನ್ಸಿಟ್ ಬೋಲ್ಟ್ ತೆಗೆದಿದ್ದಾರಾ ನೋಡಿ. ಅದು ಉಳಿದರೆ ಹಿಂಡುವಾಗ ಮೆಷಿನ್ ಇಡೀ ಬಚ್ಚಲಲ್ಲಿ ನಡೆದಾಡುತ್ತದೆ. ಮೈ ಮುಟ್ಟಿದರೆ ಜುಮ್ ಎಂದರೆ ಮಾತ್ರ ನೋಡುತ್ತಾ ಕೂರಬೇಡಿ, ಸ್ವಿಚ್ ಆಫ್ ಮಾಡಿ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ಸರಿ ಇದ್ದೂ ಉಳಿಯುವ ತೊಂದರೆ ಮೆಷಿನ್ನಿನದು. ನಮ್ಮಲ್ಲಿ ಉಳಿದದ್ದು ಮೂರನೆಯದು, ಆ ದೀಪ ಆರುವುದು. ಹುಡುಗ ಬೇರೆ ಪಾಯಿಂಟಿಗೆ ಹಾಕಿ ನೋಡಿದ, ವೋಲ್ಟೇಜ್ ನೋಡಿದ. ಆದರೂ ಆರಿತು. ಕಂಪನಿಯವರು ಬಂದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಿದರು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು.

ಇಲ್ಲಿ ನನಗೂ ಅಮ್ಮನಿಗೂ ಹೊಂದಲಿಲ್ಲ. ವಾಪಸ್ ಕೊಡಿ ಎಂದೆ ನಾನು. "ಆ ಅಂಗಡಿಯವರು ನಿನ್ನ ಅಪ್ಪನ ಕಾಲದಿಂದ ಗುರ್ತದವರು, ಹೇಗೆ ಕೇಳುವುದು ಮಗಾ?" ಎಂದರು ಅಮ್ಮ.

ಮ್ಯೂನಿಕ್‌ನಲ್ಲಿ ಗುರ್ತ ಪರಿಚಯದ ಮಾತೇ ಇಲ್ಲ, ಬಿಲ್ಲಿನ ತಾರೀಕು ಮಾತಾಡುತ್ತದೆ. ಹೊಣೆ ಮಾರಿದವರದು, ಎರಡು ವರ್ಷ. ಮೊದಲ ವರ್ಷ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಎಂದು ಲೆಕ್ಕ. ಇರಲಿಲ್ಲ ಎಂದು ತೋರಿಸಬೇಕಾದವರು ಅಂಗಡಿಯವರು. 2022ಕ್ಕೆ ಮೊದಲು ಇದು ಆರು ತಿಂಗಳಿತ್ತು. ರಿಪೇರಿಗೆ ಅವಕಾಶ ಕೊಡಬೇಕು ನಿಜ. ಆದರೆ ಸಾಮಾನ್ಯವಾಗಿ ಎರಡು ಸಲ ಪ್ರಯತ್ನಿಸಿಯೂ ಆಗದಿದ್ದರೆ ದುಡ್ಡು ವಾಪಸ್ ಕೇಳಬಹುದು. ಅಲ್ಲಿ ಏನು ಬೇಕಾದರೂ ವಾಪಸ್ ತಗೊಳ್ತಾರಂತೆ ಎಂದು ಊರಲ್ಲಿ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ಕಾರಣ ಕೊಡದೆ ಹಿಂದಿರುಗಿಸುವ 14 ದಿನದ ಹಕ್ಕು ಆನ್‌ಲೈನ್ ಖರೀದಿಗೆ, ಅಂಗಡಿಗೆ ಹೋಗಿ ಕೊಂಡದ್ದಕ್ಕಲ್ಲ. ಆನ್‌ಲೈನ್‌ನಲ್ಲಿ ಕೊಂಡದ್ದನ್ನೂ ಚೆನ್ನಾಗಿ ಬಳಸಿ ಕಳಿಸಿದರೆ ದುಡ್ಡಲ್ಲಿ ಹಿಡಿದುಕೊಳ್ಳಬಹುದು.

ನಮ್ಮ ಕಾನೂನು ಅಷ್ಟೇನೂ ಬಡವಲ್ಲ, ನಾವು ಬಳಸುವುದಿಲ್ಲ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. "ಮಾರಿದ ಮಾಲು ವಾಪಸಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ ಕೂಡಲೇ ಕೆಟ್ಟ ಮಾಲಿನ ಹೊಣೆ ತಪ್ಪುವುದಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ದೂರಿನ ಶುಲ್ಕವಿಲ್ಲ. ದೂರು ಕೊಡುವವರು ತಾವಿರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ "ಸೆಟ್ ಆಗ್ತದೆ" ಎಂಬ ಮಾತು ಆ 30 ದಿನವನ್ನು ನುಂಗಿಬಿಡುತ್ತದೆ. ನನ್ನ ಸಿಟ್ಟು ಅದರ ಮೇಲೆ.

ಮೆಷಿನ್ನಿನ ಸ್ವಭಾವವೂ ಹಾಗೇ ಇದೆ. ಎಂಜಿನಿಯರಿಂಗಿನಲ್ಲಿ ಬಾತ್‌ಟಬ್ ಕರ್ವ್ ಎಂದು ಒಂದು ಗೆರೆ ಬರೆಯುತ್ತಾರೆ. ಮೊದಮೊದಲು ಕೆಡುವುದು ಜಾಸ್ತಿ, ಬೆಸುಗೆ ಸರಿಯಿಲ್ಲದ್ದು, ಜೋಡಣೆ ಸಡಿಲಾದದ್ದು ಎಲ್ಲ ಆಗಲೇ ಹೊರಬೀಳುತ್ತದೆ. ನಂತರ ವರ್ಷಗಟ್ಟಲೆ ಶಾಂತ. ಕೊನೆಗೆ ಸವೆದು ಮತ್ತೆ ಏರುತ್ತದೆ. ಆದ್ದರಿಂದ ಹೊಸತು ಎಂದು ಮೆತ್ತಗೆ ಓಡಿಸುವುದೇ ಬೇಡ. ಮೊದಲ ತಿಂಗಳೇ ಚಾದರ, ಜೀನ್ಸ್, ಬೈರಾಸು ಎಲ್ಲ ಹಾಕಿ, ಬಿಸಿನೀರಿನ ಪ್ರೋಗ್ರಾಂನಲ್ಲೂ, ಅತಿ ಜೋರಿನ ಹಿಂಡುವಿಕೆಯಲ್ಲೂ ಓಡಿಸಿ. ಕೆಡುವುದಾದರೆ ಆಗಲೇ ಕೆಡಲಿ.

ಮುಂದೆ ಅಂಟಿಸಿರುವ "ಮೋಟಾರಿಗೆ 10 ವರ್ಷ" ಎಂಬ ಸ್ಟಿಕರ್ ನೋಡಿ ಮರುಳಾಗುವುದೂ ಬೇಡ. ಈಗಿನ ಇನ್ವರ್ಟರ್ ಮೋಟಾರ್ ಕೆಡುವುದು ಅಪರೂಪ. ಕೆಡುವುದು ಬೋರ್ಡ್, ನೀರು ಹೊರಹಾಕುವ ಪಂಪ್, ಬಾಗಿಲಿನ ರಬ್ಬರ್, ಬೇರಿಂಗ್. ಆ 10 ವರ್ಷ ಇವುಗಳಿಗಲ್ಲ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್ನಿನ ಮುಖ್ಯ ಬಿಡಿಭಾಗಗಳು, ಆ ಮಾದರಿಯ ಮಾರಾಟ ನಿಂತ ಮೇಲೂ ಹತ್ತು ವರ್ಷ ಸಿಗಬೇಕು ಎಂಬ ನಿಯಮವಿದೆ. ಚೆನ್ನಾಗಿದೆ ಅಲ್ವಾ? ಆದರೆ ರಿಪೇರಿಯವರು ಬಾಗಿಲು ತಟ್ಟಿದ್ದಕ್ಕೇ ಅಲ್ಲಿ ಕೇಳುವ ದುಡ್ಡು ನೋಡಿ, ವಾರಂಟಿ ಮುಗಿದ ಮೆಷಿನ್ನನ್ನು ರಿಪೇರಿ ಮಾಡಿಸದೆ ಹೊಸತು ತರುವವರೇ ನನ್ನ ಸುತ್ತ ಜಾಸ್ತಿ. ಬಿಡಿಭಾಗ ಇದೆ, ಹಾಕುವವರನ್ನು ಕರೆಯುವ ಧೈರ್ಯ ಇಲ್ಲ.

ಅಮ್ಮನ ಎರಡನೇ ವಾದ ಇದೇ ಆಗಿತ್ತು. ಪರ್ಕಳದ ಹುಡುಗ ಫೋನ್ ಮಾಡಿದರೆ ಸಂಜೆಯೊಳಗೆ ಬರುತ್ತಾನೆ. ಮಳೆಯಲ್ಲೂ ಬರುತ್ತಾನೆ. ಅವನಿಗೆ ಈ ಮೆಷಿನ್ ಈಗ ಗೊತ್ತಾಗಿದೆ. ಬೇರೆ ತಂದರೆ ಮತ್ತೆ ಮೊದಲಿಂದ. "ನೀನು ಅಲ್ಲಿಂದ ಬಂದು ರಿಪೇರಿ ಮಾಡ್ತಿಯಾ?" ಎಂದು ಕೇಳಿದರು. ಅಂಗಡಿಯವರ ಗುರ್ತದ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಕೆಟ್ಟದ್ದನ್ನು ಬದಲಿಸಿಕೊಡುವುದರಿಂದ ಹಾಳಾಗುವ ಗುರ್ತ ಎಂಥದ್ದು? ಹುಡುಗನ ವಿಷಯದಲ್ಲಿ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ಇಟ್ಟುಕೊಳ್ಳಬೇಕೋ ಬೇಡವೋ ಎನ್ನುವಾಗ ನಾನು ಮೆಷಿನ್ ಎಷ್ಟು ಸಲ ಕೆಟ್ಟಿತು ಎಂದು ಎಣಿಸುತ್ತಿದ್ದೆ. ಅಮ್ಮ ಕೆಟ್ಟಾಗ ಯಾರು ಬರುತ್ತಾರೆ ಎಂದು ನೋಡುತ್ತಿದ್ದರು.

ಕೊನೆಗೆ ಅಕ್ಕ ನಡುವೆ ಬಂದು ಅಂಗಡಿಯವರಿಂದ ಒಂದು ಸಾಲು ಬರೆಸಿಕೊಂಡಳು. ಇದೇ ದೋಷ ಇನ್ನೊಮ್ಮೆ ಬಂದರೆ ಮೆಷಿನ್ನನ್ನೇ ಬದಲಿಸಿ ಕೊಡುವುದು, ಕೆಳಗೆ ತಾರೀಕು, ಸೀಲು. ಅಂಗಡಿಯವರು ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ, ಚಾ ತರಿಸಿದರು. ಮೆಷಿನ್ ಈಗ ಎರಡನೇ ಸಲ ಬದಲಿಸಿದ ಬೋರ್ಡಿನಲ್ಲಿ ಓಡುತ್ತಿದೆ.

ಮೊನ್ನೆ ಕಾಪುವಿನ ಚಿಕ್ಕಮ್ಮ ಫೋನ್ ಮಾಡಿದ್ದರು. ತುಳುವರ ಆಟಿ ತಿಂಗಳು ಕಳೆದ ಮೇಲೆ ಅವರಿಗೂ ಮೆಷಿನ್ ತಗೊಳ್ಳಬೇಕಂತೆ, ಯಾವ ಕಂಪನಿ ಒಳ್ಳೆಯದು ಎಂದು ಕೇಳಿದರು. ಟ್ಯಾಂಕ್ ಎಲ್ಲಿದೆ ಚಿಕ್ಕಮ್ಮ ಎಂದೆ. ಹಂಚಿನ ಮನೆ, ಬಚ್ಚಲಿನ ಮೇಲೇ ಟ್ಯಾಂಕ್. ಹಾಗಾದರೆ ಕಡಿಮೆ ಒತ್ತಡದಲ್ಲೂ ನೀರು ತುಂಬುವ ಟಾಪ್ ಲೋಡ್ ನೋಡಿ, ಇಲ್ಲವಾದರೆ ಪಂಪಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ ಎಂದೆ. ಬದಲಿಸಿ ಕೊಡುವ ಮಾತನ್ನು ದುಡ್ಡು ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಲೂ ಹೇಳಿದ್ದೇನೆ. ಅವರು ಕೇಳಿಕೊಂಡದ್ದು ಪರ್ಕಳದ ಹುಡುಗನ ನಂಬರ್ ಮಾತ್ರ.