ಮಠದ ಬಿಯರ್ ಎಲ್ಲಾ ಸಿಹಿಯಲ್ಲ

ಬೆಲ್ಜಿಯಂನ ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಸನ್ಯಾಸಿಗಳ ಮಠಗಳ ಬಿಯರ್‌ಗಳೆಲ್ಲ ಸಿಹಿ, ಕುಡಿಯೋಕೆ ಭಾರ ಅಂತ ಬರೆದಿದ್ದೀರಿ ಸರ್. ಲೇಖನ ಚೆನ್ನಾಗಿದೆ, ಆದರೆ ಈ ಮಾತನ್ನು ಒಪ್ಪಲಾರೆ. ವೆಸ್ಟ್‌ಮಾಲೆ ಮಠದ ಡುಬ್ಬೆಲ್ ಅನ್ನೋ ಕಂದು ಬಿಯರ್ ವಿಷಯದಲ್ಲಿ ಸರಿ, ಅದರಲ್ಲಿ ಒಣದ್ರಾಕ್ಷಿ, ಕಂದು ಸಕ್ಕರೆಯ ರುಚಿ ಇದೆ. ಓರ್ವಾಲ್ ಮಠದ ಬಿಯರ್ ಹಾಗಿಲ್ಲ. ಅದರಲ್ಲಿ ಸಿಹಿ ತೀರಾ ಕಡಿಮೆ, ಕಹಿ ಜಾಸ್ತಿ. ಹುದುಗಿದ ಮೇಲೂ ಮತ್ತೆ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಹಾಕುತ್ತಾರೆ. ಬಾಟಲಿಗೆ ತುಂಬುವಾಗ ಬ್ರೆಟಾನೊಮೈಸಿಸ್ ಅನ್ನೋ ಕಾಡು ಯೀಸ್ಟ್ ಸೇರಿಸುತ್ತಾರೆ. ಅದು ಉಳಿದ ಸಕ್ಕರೆಯನ್ನು ಬಾಟಲಿಯೊಳಗೇ ತಿಂಗಳುಗಟ್ಟಲೆ ತಿನ್ನುತ್ತಾ ಹೋಗುತ್ತದೆ. ಹಾಗಾಗಿ ಹೊಸ ಬಾಟಲಿಯಲ್ಲಿ ಹಾಪ್ಸ್ ಘಮ ಮುಂದಿರುತ್ತದೆ. ಹಳೆಯದಾದಷ್ಟೂ ಅದು ಇಳಿದು ತೊಗಲಿನಂಥ, ಮಣ್ಣಿನಂಥ ವಾಸನೆ ಮೇಲೆ ಬರುತ್ತದೆ. ಇದೇ ಯೀಸ್ಟ್ ವೈನ್ ಪೀಪಾಯಿಗೆ ಹೊಕ್ಕರೆ ಎಷ್ಟೋ ಜನ ವೈನ್ ಕೆಟ್ಟಿತು ಅನ್ನುತ್ತಾರೆ. ಓರ್ವಾಲ್‌ಗೆ ಹೆಸರು ಬಂದಿರುವುದೇ ಅದರಿಂದ!

ಇನ್ನು ಬೆಂಗಳೂರು ಬ್ಲೂ ದ್ರಾಕ್ಷಿ ವೈನ್‌ಗೆ ಲಾಯಕ್ಕಿಲ್ಲ ಅಂದಿರುವುದು. ನಾನು ಚಿಕ್ಕಬಳ್ಳಾಪುರದವನು, ನಮ್ಮ ಕಡೆ ಈ ದ್ರಾಕ್ಷಿಯ ಘಮ ತೋಟದ ಬೇಲಿ ದಾಟಿ ಬರುತ್ತದೆ. 2013ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಫ್ರಾನ್ಸಿನ ಕೆಂಪು ವೈನ್ ದ್ರಾಕ್ಷಿ ಕ್ಯಾಬರ್ನೆ ಸುವಿನ್ಯೋನ್‌ನಲ್ಲಿ ಸಿಪ್ಪೆ, ಬೀಜದಿಂದ ಬರುವ ಒಗರು ನಾಲಿಗೆ ಹಿಡಿಯುತ್ತದೆ. ಬೆಂಗಳೂರು ಬ್ಲೂನಲ್ಲಿ ಹಣ್ಣಿನ ಘಮವೇ ಜೋರು, ಹುದುಗಿದರೂ ಹೋಗಲ್ಲ. ಪೋರ್ಟ್ ಮಾದರಿಯ ಸಿಹಿ ವೈನ್‌ಗೆ ಇದನ್ನು ಬಳಸುವುದು ಸುಮ್ನೆ ಅಲ್ಲ. ಫ್ರಾನ್ಸ್ ದ್ರಾಕ್ಷಿಯ ಅಳತೆಗೋಲಿನಲ್ಲಿ ಇದನ್ನು ಕೀಳು ಅನ್ನುವುದು ಅನ್ಯಾಯ ಅಲ್ವಾ? ಮುಂದಿನ ಲೇಖನಕ್ಕೆ ಮೊದಲು ಒಮ್ಮೆ ನಂದಿ ಕಡೆಯ ತೋಟಗಳಿಗೆ ಬನ್ನಿ. ಹಣ್ಣು ತಿಂದು ನೋಡಿ, ಆಮೇಲೆ ವೈನ್ ಬಗ್ಗೆ ಬರೆಯಿರಿ.