ಹಾಳೆ ಮೇಲೆ ಮಲಗಿ ವ್ಯಾನ್ ಕೆರೆದದ್ದು

ಊರಿಗೆಲ್ಲ ಅದು ಓಮ್ನಿ. ಅಪ್ಪನಿಗೆ ಮಾತ್ರ ಈಗಲೂ ‘ಮಾರುತಿ ವ್ಯಾನ್’. 1984ರಲ್ಲಿ ಬಂದದ್ದು ಆ ಹೆಸರಿನಲ್ಲೇ, ಓಮ್ನಿ ಆದದ್ದು ಆಮೇಲೆ. ನಮ್ಮದು ಹಳೇ ಹೆಸರಿನ ಕಾಲದ್ದು. 2019ರಲ್ಲಿ ಕಂಪನಿ ಅದನ್ನು ತಯಾರಿಸುವುದು ನಿಲ್ಲಿಸಿತು. ಅಪ್ಪ ತೊಳೆಯುವುದು ನಿಲ್ಲಿಸಿಲ್ಲ. ಪ್ರತಿ ಆದಿತ್ಯವಾರ ಬೆಳಿಗ್ಗೆ ಬಕೆಟು, ಬಟ್ಟೆ, ಅಪ್ಪ. ಮೇಲಿನಿಂದ ನೋಡಿದರೆ ಗಾಡಿ ಮದುಮಗನೇ.

ಅಡಿಯನ್ನು ಯಾರೂ ನೋಡಿರಲಿಲ್ಲ.

15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನೀವಲ್ ಆಗಬೇಕಲ್ಲ. ಅದಕ್ಕೆ ಮೊದಲು ಸುಮ್ನೆ ಒಮ್ಮೆ ತೋರಿಸುವ ಅಂತ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಗ್ಗಿ, ಸುತ್ತಿಗೆಯ ಹಿಡಿಯಲ್ಲಿ ಅಡಿಗೆ ಬಡಿಯುತ್ತಾ ಬಂದರು. ಮರದಲ್ಲಿರುವ ಹಲಸು ಹಣ್ಣಾಯಿತಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ. ಹಿಂದೆ ಟಣ್ ಟಣ್. ಮಧ್ಯದಲ್ಲಿ ಟಣ್. ಡ್ರೈವರ್ ಕಾಲಿಡುವ ಜಾಗಕ್ಕೆ ಬಂದಾಗ ಬೊದ್.

“ಇದು ಹಣ್ಣಾಗಿದೆ ಮಾರ್ರೆ” ಅಂದರು. “ಪೂರ್ತಿ ಕೆರೆದು ನೋಡ್ಬೇಕು. ಕೆರೆಯುವ ಕೆಲ್ಸಕ್ಕೆ ಈಗ ಜನ ಸಿಗುದಿಲ್ಲ.”

“ಅಷ್ಟೇ ಅಲ್ವಾ, ನಾನೇ ಕೆರೀತೇನೆ” ಅಂದೆ. ಮದುವೆ ಮನೆಯಲ್ಲಿ ‘ಬಡಿಸುವುದು ನನಗೆ ಬಿಡಿ’ ಅಂದದ್ದು ಬಿಟ್ಟರೆ ಇಷ್ಟು ದುಬಾರಿಯಾದ ಮಾತನ್ನು ನಾನು ಆಡಿದ್ದಿಲ್ಲ.

ತುಕ್ಕು ಹಿಡಿದದ್ದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ. ಗಾಳಿಯಲ್ಲೇ ಉಪ್ಪು. ಗೇಟಿನ ಬಿಜಾಗರಿ, ಕಿಟಕಿಯ ಸರಳು, ಅಜ್ಜಿಯ ಅಡಕತ್ತರಿ ಎಲ್ಲ ಕೆಂಪು. ಸಾಲದ್ದಕ್ಕೆ ಮುಂದೆ ಹೋಗುವ ಮೀನಿನ ಲಾರಿ ರಸ್ತೆಯುದ್ದಕ್ಕೂ ಉಪ್ಪುನೀರು ಬಿಡುತ್ತದೆ. ನಮ್ಮ ಚಕ್ರ ಅದನ್ನು ಎತ್ತಿ ಹೊಟ್ಟೆಗೇ ಹೊಡೆಯುತ್ತದೆ. ಬರೀ ನೀರಿಗಿಂತ ಉಪ್ಪುನೀರಿಗೆ ಕಬ್ಬಿಣ ಬೇಗ ಸೋಲುತ್ತದೆ. ಜೂನ್, ಜುಲೈ ಸೇರಿ 61 ದಿನ ಟ್ರಾಲಿಂಗ್ ದೋಣಿಗಳ ಮೀನುಗಾರಿಕೆಗೆ ನಿಷೇಧ, ಲಾರಿಗೆ ರಜೆ. ಆಗ ಮಳೆಗೆ ಡ್ಯೂಟಿ.

ಹಾಗಾಗಿ ಮೇ ತಿಂಗಳಲ್ಲೇ ಜ್ಯಾಕಿ ಕೊಟ್ಟೆ. ಅಡಿಗೆ ಎರಡು ಮುರಕಲ್ಲು ಇಡುವ ಅಂದಾಜಿತ್ತು. ಮೆಕ್ಯಾನಿಕ್ ಫೋನಿನಲ್ಲೇ ಬೊಬ್ಬೆ ಹೊಡೆದರು. “ಆ ಕಲ್ಲು ಪುಡಿಯಾದ್ರೆ ನೀವೂ ಪುಡಿ!” ಸಂಜೆ ಅವರದ್ದೇ ಕಬ್ಬಿಣದ ಸ್ಟ್ಯಾಂಡ್ ಬಂತು. ಒಳಗೆ ಜಾರಿ ಹೋಗಲು ಚಕ್ರದ ಹಲಗೆ ಬೇಕಂತೆ. ನಮ್ಮಲ್ಲಿ ಅಡಿಕೆ ಹಾಳೆ ಇತ್ತು. ಮಲಗಿದೆ. ರಜೆಗೆ ಬಂದ ಅಕ್ಕನ ಮಗ ಕಾಲು ಹಿಡಿದು ಎಳೆಯುವ ಡ್ಯೂಟಿ ತಗೊಂಡ. ಚಿಕ್ಕವನಿದ್ದಾಗ ಹಾಳೆಯಲ್ಲಿ ಕೂರಿಸಿ ಅಂಗಳ ತುಂಬ ಎಳೆದವನು ನಾನು. ಈಗ ಅವನ ಸರದಿ.

ಕೆರೆಯಲು ಶುರು ಮಾಡಿದ ಮೇಲೆ ಗೊತ್ತಾದ ಕಷ್ಟ ಎಂದರೆ, ಯಾವುದು ತುಕ್ಕು, ಯಾವುದು ಅಂಗಳದ ಮಣ್ಣು? ನಮ್ಮ ಮಣ್ಣಿನ ಕೆಂಪೂ ಕಬ್ಬಿಣದ ತುಕ್ಕಿನದ್ದೇ ತಾನೇ. ಎರಡೂ ಒಂದೇ ಬಣ್ಣದಲ್ಲಿ ಬಾಯಿಗೆ ಬೀಳುತ್ತವೆ. ರುಚಿ ಬೇರೆ.

ಅಪ್ಪ ಪ್ರೀತಿಯಿಂದ ವರ್ಷ ವರ್ಷ ಹೊಡೆಸಿದ ಕಪ್ಪು ಕೋಟಿಂಗ್ ಹೊರಗಿಂದ ಗಟ್ಟಿ ಇತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ರೊಟ್ಟಿಯಷ್ಟು ಅಗಲಕ್ಕೆ ಎದ್ದು ಬಂತು. ಒಳಗೆ ತುಕ್ಕು, ಚಿರೋಟಿಯ ಹಾಗೆ ಪದರ ಪದರ. ತುಕ್ಕಿನ ಮೇಲೆಯೇ ಬಳಿದದ್ದು. ಒಳಗಿದ್ದ ಪಸೆ ಅಲ್ಲೇ ಸಂಸಾರ ಹೂಡಿತ್ತು. ಬಾಗಿಲಿನ ಕೆಳಗೆ ನೀರು ಇಳಿದು ಹೋಗಲು ಕಂಪನಿಯವರೇ ಬಿಟ್ಟ ತೂತುಗಳೂ ಕೆಸರು ಕಟ್ಟಿ ಮುಚ್ಚಿದ್ದವು. ಇರಬೇಕಾದ ತೂತು ಮುಚ್ಚಿ, ಇರಬಾರದ ತೂತು ಬಿದ್ದಿತ್ತು.

ಎಷ್ಟು ದೊಡ್ಡದು ಅಂತ ನೋಡಲು ಸ್ಕ್ರೂಡ್ರೈವರ್ ಚುಚ್ಚಿದೆ. ಅದು ಹಿಡಿಯವರೆಗೆ ಹೋಯಿತು. ಹೊರಗೆ ಎಳೆದಾಗ ಹಣೆಯ ಮೇಲೆ ಮೊದಲು ಒಂದು ಕ್ರೇಯಾನ್, ಆಮೇಲೆ ಯಾವುದೋ ಯಕ್ಷಗಾನ ಆಟದ ರಾತ್ರಿ ತಿಂದ ನೆಲಗಡಲೆಯ ಸಿಪ್ಪೆ, ಕೊನೆಗೆ ಎರಡು ರೂಪಾಯಿ ಬಿತ್ತು. “ಎಳೀಬೇಡ, ಇನ್ನೂ ಉಂಟು” ಅಂತ ಕೂಗಿದೆ. ಅವನಿಗೆ ‘ಎಳಿ’ ಮಾತ್ರ ಕೇಳಿಸಿತು. ಹಾಳೆ ಮುಂದೆ ಬಂತು. ಅಂಗಿ ಸೈಲೆನ್ಸರಿಗೆ ಸಿಕ್ಕಿ ಅಲ್ಲೇ ಉಳಿಯಿತು.

ಹೊರಗೆ ಬಂದ ನನ್ನನ್ನು ಅಮ್ಮ ನೋಡಿದರು. ಮುಖವೆಲ್ಲ ಕೆಂಪು, ಕಪ್ಪು. ಕನ್ನಡಕ ಇದ್ದ ಕಡೆ ಎರಡು ಬಿಳಿ ಚಕ್ರ. “ಎಂತ ಮಾರಾಯ, ಬಣ್ಣದ ವೇಷವಾ? ಚಂಡೆ ಎಲ್ಲಿ?”

ಪಕ್ಕದ ಮನೆಯ ಹಿರಿಯರು ಬೇಲಿಯಿಂದಲೇ ಪರಿಹಾರ ಹೇಳಿದರು. “ಕರಿ ಆಯಿಲ್ ಹೊಡಿ. ಗೆದ್ದಲು ಸಹ ಬರುದಿಲ್ಲ.” ವ್ಯಾನಿಗೆ ಗೆದ್ದಲು ಎಲ್ಲಿಂದ ಅಂತ ಕೇಳಬಹುದಿತ್ತು. ಆ ತೂತು ನೋಡಿದ ಮೇಲೆ ಧೈರ್ಯ ಬರಲಿಲ್ಲ.

ಗ್ಯಾರೇಜಿನಲ್ಲಿ ಪೆಟ್ರೋಲ್ ಟ್ಯಾಂಕ್ ಇಳಿಸಿ, ಕೊಳೆತದ್ದನ್ನು ಕತ್ತರಿಸಿ, 18 ಗೇಜಿನ ಶೀಟಿನ ಪ್ಯಾಚ್ ವೆಲ್ಡ್ ಮಾಡಿ ಕೊಟ್ಟರು. ಉಳಿದದ್ದು ಮತ್ತೆ ನನ್ನ ಪಾಲು. ವಯರ್ ಬ್ರಷ್ಷಿಗೂ ಹೋಗದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿದೆ. ಕೆಂಪು ನಿಧಾನಕ್ಕೆ ಕಪ್ಪಾಗುವುದನ್ನು ನೋಡುತ್ತಾ ಮಲಗುವುದು ನಿಜಕ್ಕೂ ಸುಖ. ಒಣಗಿದ ಮೇಲೆ ಪ್ರೈಮರ್. ಕೊನೆಗೆ ಕಪ್ಪು ಕೋಟಿಂಗಿನ ಸ್ಪ್ರೇ. ಸ್ಪ್ರೇ ಮಾಡುವಾಗ ಕಡಲ ಕಡೆಯಿಂದ ಗಾಳಿ ಬಂತು. ಹಗ್ಗದ ಮೇಲೆ ಅಪ್ಪನ ಮೂರು ಬಿಳಿ ಮುಂಡು ಒಣಗುತ್ತಿದ್ದವು. ಅವಕ್ಕೆ ಇನ್ನು ತುಕ್ಕು ಹಿಡಿಯುವುದಿಲ್ಲ.

ಇಷ್ಟೆಲ್ಲ ಮಾಡಿದ್ದು ಯಾರಿಗೂ ಕಾಣುವುದಿಲ್ಲ ಎಂಬುದೇ ಸಂಕಟ. ಮನೆಗೆ ಬಂದವರಿಗೆಲ್ಲ “ಸ್ವಲ್ಪ ಬಗ್ಗಿ ನೋಡಿ” ಅನ್ನುತ್ತೇನೆ. ಭಾವ ಸೊಂಟ ನೋವು ಅಂದರು. ಚಿಕ್ಕಮ್ಮ ಮಾತ್ರ ಬಗ್ಗಿದರು, ಬಿದ್ದ ಬೀಗದ ಕೈ ಹೆಕ್ಕಲು.

ಮೊನ್ನೆ ಮಲ್ಪೆ ರಸ್ತೆಯಲ್ಲಿ ಮುಂದೆ ಮೀನಿನ ಲಾರಿ ಸಿಕ್ಕಿತು. ಹಿಂದಿನಿಂದ ನೀರು ಸುರಿಯುತ್ತಿತ್ತು. ನಾನು ಬ್ರೇಕ್ ಹಾಕಿ ಬದಿಗೆ ನಿಂತೆ.

“ಎಂತಾಯ್ತು?” ಹೆಂಡತಿ ಕೇಳಿದಳು.

“ಅದು ಹೋಗಲಿ.”

ಅದು ಹೋಯಿತು. ಅದರ ಹಿಂದೆ ಇನ್ನೊಂದು ಬಂತು. ಅವಳು ಇಳಿದು ಬಸ್ಸಿನಲ್ಲಿ ಹೋದಳು.